ಅಲೆಮಾರಿ ‘ಓನ್ಲಿ’

ಬೆಂಗಳೂರಿನ ಯಾವುದೋ ಒಂದು ಬಡಾವಣೆಯ ಮನೆಯ ಬಾಗಿಲಲ್ಲಿ ಆಂಗ್ಲ ಅತಿಥಿಯೊಬ್ಬ ನಿಂತಿದ್ದಾನೆಂದು ಓದುಗರು ಊಹಿಸಿಕೊಳ್ಳಬಹುದು. ‘ತಂದೆಯವರು ಇದ್ದಾರೆಯೆ?’ ಎಂದು ಅವನು ತನ್ನ ಭಾಷೆಯಲ್ಲಿ ಕೇಳುತ್ತಾನೆ. ಕಾನ್ವೆಂಟಿನಲ್ಲಿ ಓದುತ್ತಿರುವ ಹುಡುಗ ಕೊಂಚವೂ ತಡವರಿಸದೆ ‘ಹೀ ಈಸ್ ಇನ್‌ಸೈಡ್ ಓನ್ಲಿ’ ಎಂದು ಉತ್ತರ ಕೊಡುತ್ತಾನೆ. ಹುಡುಗನ ಮನಸ್ಸಿನಲ್ಲಿರುವುದು ‘ಒಳಗೇ ಇದ್ದಾರೆ, ಬನ್ನಿ’ ಎಂಬ ಸೌಜನ್ಯದ ಮಾತು. ಅತಿಥಿಯ ಕಿವಿಗೆ ಕೇಳಿಸಿದ್ದೇ ಬೇರೆ. ಈ ಮನೆಯ ಯಜಮಾನರು ಒಳಗೆ ಮಾತ್ರ ಇರತಕ್ಕವರು, ಹೊರಗೆ ಕಾಲಿಡುವ ವಾಡಿಕೆಯೇ ಅವರಿಗಿಲ್ಲ! ಕಾಯಿಲೆಯೋ, ಸಾಲ ಕೊಟ್ಟವರ ಕಾಟವೋ, ಅಥವಾ ಏನಾದರೂ ವ್ರತವೋ ಎಂದು ಅವನು ಚಿಂತಿಸುತ್ತಿರುವಾಗಲೇ ಯಜಮಾನರು ನಗುತ್ತ ಹೊರಗೆ ಬರುತ್ತಾರೆ.

ಹುಡುಗನ ವ್ಯಾಕರಣದಲ್ಲಿ ತಪ್ಪು ಹಿಡಿಯುವುದು ಸುಲಭ. ಆದರೆ ಆ ‘ಓನ್ಲಿ’ ಅಲ್ಲಿಗೆ ಎಲ್ಲಿಂದ ಬಂದಿತು, ಇಂಗ್ಲಿಷರ ಬಾಯಲ್ಲಿ ಅದು ಎಲ್ಲೆಲ್ಲಿ ಕೂರುತ್ತದೆ, ಕೂರುವ ಜಾಗ ತಪ್ಪಿದರೆ ಏನಾಗುತ್ತದೆ ಎಂದು ವಿಚಾರಿಸಹೊರಟರೆ, ಈ ಪುಟ್ಟ ಕ್ರಿಯಾವಿಶೇಷಣದ ಹಿಂದೆ ದೊಡ್ಡದೊಂದು ಕಥೆಯೇ ಇರುವುದು ಕಾಣುತ್ತದೆ.

‘ಓನ್ಲಿ’ ಎಂಬುದು ಮೂಲತಃ ಒಂದು ಸಂಖ್ಯೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಒಂದು’ ಎಂಬುದಕ್ಕೆ ‘ಆನ್’ ಎನ್ನುತ್ತಿದ್ದರು. ಅದಕ್ಕೆ ರೂಪ, ಆಕಾರ ಎಂಬ ಅರ್ಥದ ‘ಲಿಚ್’ ಸೇರಿ ‘ಆನ್‌ಲಿಚ್’ ಎಂದಾಯಿತು. ‘ಒಂದರಂತಿರುವುದು’, ಅಂದರೆ ತನಗೆ ಎರಡನೆಯದಿಲ್ಲದ್ದು ಎಂದು ಅದರ ಅಭಿಪ್ರಾಯ. ಕಾಲ ಕಳೆದಂತೆ ‘ಆನ್’ ಪದ ‘ಓನ್’ ಆಯಿತು. ಮುಂದೆ ಇಂಗ್ಲೆಂಡಿನ ಪಶ್ಚಿಮ ಭಾಗದ ಆಡುನುಡಿಯಿಂದ ಒಂದು ವಕಾರ ಬಂದು ಅದರ ತಲೆಯ ಮೇಲೆ ಕುಳಿತದ್ದರಿಂದ ಎಣಿಕೆಯ ಪದ ‘ವನ್’ ಎಂದು ಮಾರ್ಪಟ್ಟಿತು. ಆದರೆ ಸಮಾಸಗಳೊಳಗೆ ಅಡಗಿಕೊಂಡಿದ್ದ ‘ಓನ್’ಗೆ ಈ ಸುದ್ದಿ ಮುಟ್ಟಲಿಲ್ಲ. ‘ಓನ್ಲಿ’ಯಲ್ಲಿಯೂ, ‘ಪೂರ್ತಿ ಒಂದು’ ಎಂಬ ಅರ್ಥದಿಂದ ಹುಟ್ಟಿದ ‘ಅಲೋನ್’ನಲ್ಲಿಯೂ, ‘ಒಂದಾಗುವುದು’ ಎಂಬ ಅರ್ಥದಿಂದ ಹುಟ್ಟಿ ಈಗ ಪ್ರಾಯಶ್ಚಿತ್ತಕ್ಕೆ ಸಲ್ಲುತ್ತಿರುವ ‘ಅಟೋನ್’ನಲ್ಲಿಯೂ ಹಳೆಯ ಉಚ್ಚಾರಣೆ ಇಂದಿಗೂ ಉಳಿದುಕೊಂಡಿದೆ. ಬರೆಯುವಾಗ ‘ಒನ್’ ಎಂದು ಕಾಣುವ ಅಕ್ಷರಗಳನ್ನು ಒಂದೆಡೆ ‘ವನ್’ ಎಂದೂ ಇನ್ನೊಂದೆಡೆ ‘ಓನ್’ ಎಂದೂ ಓದಬೇಕಾಗಿ ಬಂದು ನಮ್ಮ ಮಕ್ಕಳು ಪಡುವ ಪಾಡಿಗೆ ಇದೇ ಕಾರಣ.

ಎರಡನೆಯದಿಲ್ಲದ್ದು ಎಂಬುದು ಹೆಮ್ಮೆಯ ಮಾತೂ ಹೌದು, ಬಡತನದ ಮಾತೂ ಹೌದು. ಆದ್ದರಿಂದಲೇ ‘ದಿ ಓನ್ಲಿ ಸನ್’ ಎಂದರೆ ಮನೆಯವರ ಕಣ್ಣಿನ ಬೊಂಬೆ, ‘ಓನ್ಲಿ ಎ ಕ್ಲರ್ಕ್’ ಎಂದರೆ ಹೆಣ್ಣು ಕೊಡಲು ಹಿಂಜರಿಯುವ ವರ! ಕನ್ನಡದ ‘ಕೇವಲ’ ಎಂಬ ಪದಕ್ಕೂ ಇದೇ ಗತಿಯಾಗಿರುವುದು ವಿಸ್ಮಯಕರವಾಗಿದೆ. ಸಂಸ್ಕೃತದಲ್ಲಿ ಅದಕ್ಕೆ ಒಂಟಿಯಾದದ್ದು, ಬೇರೇನೂ ಬೆರೆಯದ ಶುದ್ಧವಾದದ್ದು ಎಂದು ಅರ್ಥ. ಜೈನರ ‘ಕೇವಲಜ್ಞಾನ’ವೆಂದರೆ ತೀರ್ಥಂಕರರಿಗೆ ಲಭಿಸುವ ಪರಿಪೂರ್ಣ ಜ್ಞಾನ, ಅದಕ್ಕಿಂತ ಮೇಲೆ ಇನ್ನೊಂದಿಲ್ಲ. ಅದೇ ಪದವು ಸಂತೆಯ ಬೀದಿಗಿಳಿದಾಗ ‘ಕೇವಲ ಹತ್ತು ರೂಪಾಯಿ’ ಎಂದು ಕೂಗುತ್ತದೆ. ಜಗಳದ ಮನೆಯಲ್ಲಿ ‘ನನ್ನನ್ನು ಕೇವಲವಾಗಿ ಕಂಡರು’ ಎಂದು ಕಣ್ಣೀರು ಹಾಕುತ್ತದೆ. ಶಿಖರದಿಂದ ಕಂದಕಕ್ಕೆ ಇಷ್ಟು ನೇರವಾಗಿ ಇಳಿದ ಪದಗಳು ಕನ್ನಡದಲ್ಲಿ ಹೆಚ್ಚಿಲ್ಲ.

ಇನ್ನು ಈ ‘ಓನ್ಲಿ’ಯ ಅಲೆಮಾರಿತನ. ‘ದಿ ಗ್ರ್ಯಾಂಡ್‌ಮದರ್ ಗೇವ್ ದಿ ಚೈಲ್ಡ್ ಮಿಲ್ಕ್’ ಎಂಬ ವಾಕ್ಯವನ್ನು ತೆಗೆದುಕೊಳ್ಳೋಣ. ಅಜ್ಜಿ ಮಗುವಿಗೆ ಹಾಲು ಕೊಟ್ಟರು. ಯಾರಿಗೂ ತಕರಾರಿಲ್ಲದ ಸಂಗತಿ. ‘ಓನ್ಲಿ’ಯನ್ನು ವಾಕ್ಯದ ಮೊದಲಿಗಿಟ್ಟರೆ ಅಜ್ಜಿಯೊಬ್ಬರೇ ಕೊಟ್ಟರು, ಮನೆಯ ಮಿಕ್ಕವರು ಕಣ್ಣೆತ್ತಿ ನೋಡಲಿಲ್ಲ ಎಂದಾಗುತ್ತದೆ. ‘ಗೇವ್’ ಮತ್ತು ‘ದಿ ಚೈಲ್ಡ್’ಗಳ ನಡುವೆ ಇಟ್ಟರೆ ಮಗುವಿಗೆ ಮಾತ್ರ ಕೊಟ್ಟರು, ತಾತನಿಗೆ ಸಿಕ್ಕಲಿಲ್ಲ ಎಂದು ಅರ್ಥ. ‘ದಿ’ ಮತ್ತು ‘ಚೈಲ್ಡ್’ಗಳ ನಡುವೆ ನುಸುಳಿಸಿದರೆ ಆ ಮನೆಗೆ ಅದೊಂದೇ ಮಗು, ಪದ ಆಗ ಕ್ರಿಯಾವಿಶೇಷಣವೇ ಅಲ್ಲ, ನಾಮವಿಶೇಷಣವಾಗಿ ಜಾತಿಯನ್ನೇ ಬದಲಾಯಿಸಿಕೊಂಡಿರುತ್ತದೆ. ‘ಮಿಲ್ಕ್’ನ ಮುಂದೆ ಇಟ್ಟರೆ ಹಾಲಷ್ಟೇ, ತಿಂಡಿಯಿಲ್ಲ. ಕ್ರಿಯಾಪದವಾದ ‘ಗೇವ್’ನ ಮುಂದೆ ಇಟ್ಟರೆ? ಆಗಲೇ ತೊಡಕು. ಅಜ್ಜಿ ಕೊಟ್ಟರಷ್ಟೇ, ಕುಡಿಸಲಿಲ್ಲ ಎಂದೂ ಆಗಬಹುದು. ಹಾಲನ್ನು ಮಾತ್ರ ಕೊಟ್ಟರು ಎಂದೂ ಆಗಬಹುದು. ಮಗುವಿಗೆ ಮಾತ್ರ ಎಂದೂ ಆಗಬಹುದು. ವಿನೋದವೆಂದರೆ ಇಂಗ್ಲಿಷರು ಮಾತನಾಡುವಾಗ ಬಹುಮಟ್ಟಿಗೆ ಈ ತೊಡಕಿನ ಜಾಗದಲ್ಲಿಯೇ ಅದನ್ನು ಇಡುತ್ತಾರೆ. ಯಾವ ಪದಕ್ಕೆ ಅದು ಸಲ್ಲಬೇಕೋ ಆ ಪದವನ್ನು ಒತ್ತಿ ನುಡಿದುಬಿಡುತ್ತಾರೆ. ಕೇಳುವವನಿಗೆ ಸಂಶಯವೇ ಹುಟ್ಟುವುದಿಲ್ಲ. ಕಾಗದದ ಮೇಲೆ ಆ ಒತ್ತು ಕಾಣಿಸುವುದಿಲ್ಲ. ಜಗಳ ಆರಂಭವಾಗುವುದು ಅಲ್ಲಿ.

ಆ ಜಗಳಕ್ಕೆ ಇನ್ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವುಂಟು. ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದು ಮುಂದೆ ಲಂಡನ್ನಿನ ಬಿಷಪ್ಪನಾದ ರಾಬರ್ಟ್ ಲೌತ್ ಎಂಬ ಪಂಡಿತ ಬರೆದ ಇಂಗ್ಲಿಷ್ ವ್ಯಾಕರಣ 1762ರಲ್ಲಿ ಅಚ್ಚಾಯಿತು. ಕ್ರಿಯಾವಿಶೇಷಣವು ತಾನು ಯಾವ ಪದಕ್ಕೆ ಸಂಬಂಧಿಸಿದೆಯೋ ಅದರ ಮಗ್ಗುಲಲ್ಲೇ ಇರಬೇಕೆಂಬುದು ಅವನ ಮತ. ಮುಂದೆ ಶಾಲೆಯ ಉಪಾಧ್ಯಾಯರು ಇದನ್ನು ಮನುಸ್ಮೃತಿಯಂತೆ ಪಾಲಿಸಿದರು. ‘ಹೀ ಓನ್ಲಿ ಕೇಮ್ ಯೆಸ್ಟರ್ಡೇ’ ಎಂದು ಬರೆದ ಹುಡುಗನಿಗೆ ಕೆಂಪು ಗೆರೆ; ‘ಹೀ ಕೇಮ್ ಓನ್ಲಿ ಯೆಸ್ಟರ್ಡೇ’ ಎಂದು ತಿದ್ದಿದರೆ ಮಾತ್ರ ಕ್ಷಮೆ.

ಈ ಕೆಂಪು ಗೆರೆಯನ್ನು ಅಳಿಸಲು ಹೊರಟವನೂ ಒಬ್ಬ ಉಪಾಧ್ಯಾಯನೇ. ಹೆನ್ರಿ ಫೌಲರ್ ಎಂಬಾತ ಉತ್ತರ ಇಂಗ್ಲೆಂಡಿನ ಸೆಡ್‌ಬರ್ಗ್ ಶಾಲೆಯಲ್ಲಿ ಹದಿನೇಳು ವರ್ಷ ಪಾಠ ಹೇಳಿ, ತನಗೆ ನಂಬಿಕೆಯಿಲ್ಲದ ಧರ್ಮಸಂಸ್ಕಾರಕ್ಕೆ ಹುಡುಗರನ್ನು ಅಣಿಗೊಳಿಸಲೊಲ್ಲದೆ 1899ರಲ್ಲಿ ಆ ಕೆಲಸವನ್ನು ಬಿಟ್ಟ. ಬಳಿಕ ಗರ್ನ್ಸಿ ದ್ವೀಪಕ್ಕೆ ಹೋಗಿ, ಅಲ್ಲಿ ಟೊಮೇಟೊ ಬೆಳೆಯುತ್ತಿದ್ದ ತಮ್ಮ ಫ್ರಾನ್ಸಿಸ್‌ನೊಡನೆ ಸೇರಿ ಭಾಷೆಯ ಕೆಲಸಕ್ಕೆ ತೊಡಗಿದ. 1906ರಲ್ಲಿ ‘ದಿ ಕಿಂಗ್ಸ್ ಇಂಗ್ಲಿಷ್’, 1911ರಲ್ಲಿ ಆಕ್ಸ್‌ಫರ್ಡಿನ ಸಂಕ್ಷಿಪ್ತ ನಿಘಂಟು ಇವರಿಬ್ಬರ ದುಡಿಮೆಯಿಂದ ಹೊರಬಂದವು. ಮೊದಲನೆಯ ಮಹಾಯುದ್ಧದಲ್ಲಿ, ಐವತ್ತೇಳು ವರ್ಷದ ಹೆನ್ರಿ ತನ್ನ ವಯಸ್ಸನ್ನು ಕಡಿಮೆ ಹೇಳಿ ಸೈನ್ಯಕ್ಕೆ ಸೇರಿದ. ತಮ್ಮನೂ ಜೊತೆಗೆ ಹೋದ. ಪದಪ್ರಯೋಗದಲ್ಲಿ ಕೂದಲೆಳೆಯಷ್ಟು ಸುಳ್ಳನ್ನೂ ಸಹಿಸದ ಮನುಷ್ಯ ಹೇಳಿದ ಸುಳ್ಳು ಅದು! ಯುದ್ಧಸೇವೆಯಲ್ಲಿ ತಗುಲಿದ ಕ್ಷಯದಿಂದ ತಮ್ಮ 1918ರಲ್ಲಿ ತೀರಿಕೊಂಡ. ಇಬ್ಬರೂ ಕೂಡಿ ಯೋಚಿಸಿದ್ದ ದೊಡ್ಡ ಗ್ರಂಥವನ್ನು ಅಣ್ಣ ಒಬ್ಬನೇ ಮುಗಿಸಿ, 1926ರಲ್ಲಿ ‘ಎ ಡಿಕ್ಷನರಿ ಆಫ್ ಮಾಡರ್ನ್ ಇಂಗ್ಲಿಷ್ ಯೂಸೇಜ್’ ಎಂಬ ಹೆಸರಿನಿಂದ ಪ್ರಕಟಿಸಿ, ತಮ್ಮನ ನೆನಪಿಗೆ ಅರ್ಪಿಸಿದ.

ಆ ಗ್ರಂಥದಲ್ಲಿ ‘ಓನ್ಲಿ’ಯನ್ನು ಕುರಿತು ಫೌಲರ್ ಕೊಟ್ಟ ತೀರ್ಪು ಪಂಡಿತರಿಗೆ ರುಚಿಸಲಿಲ್ಲ. ಕೇಳುವವನಿಗೆ ನಿಜವಾಗಿ ಅಪಾರ್ಥವಾಗುವಂತಿದ್ದರೆ ಪದವನ್ನು ಅದರ ನ್ಯಾಯವಾದ ಜಾಗಕ್ಕೆ ತಳ್ಳಬೇಕು, ಸರಿ; ಆದರೆ ಯಾರಿಗೂ ಅನುಮಾನ ಬಾರದಿರುವಾಗ, ಜನರು ಸಹಜವಾಗಿ ನುಡಿಯುವ ಜಾಗದಿಂದ ಅದನ್ನು ಎಳೆದು ತರುವುದೇಕೆ? ನಿನ್ನೆ ಬಂದವನನ್ನು ಕುರಿತು ‘ಹೀ ಓನ್ಲಿ ಕೇಮ್’ ಎಂದಾಗ, ಅವನು ಬಂದನಷ್ಟೇ, ಕೂರಲಿಲ್ಲ, ಮಾತನಾಡಲಿಲ್ಲ ಎಂದು ಅರ್ಥಮಾಡಿಕೊಳ್ಳುವವನು ಬೇಕೆಂದೇ ಹಾಗೆ ಮಾಡಿಕೊಳ್ಳುವವನು. ಫೌಲರನ ವಾದದ ತಿರುಳು ಇದು. ಭಾಷೆಯನ್ನು ಯಂತ್ರದಂತೆ ನಡೆಸಲು ಹೊರಡುವವರನ್ನು ಅವನು ಅಲ್ಲಿ ಚೆನ್ನಾಗಿಯೇ ಹಾಸ್ಯಮಾಡಿದ್ದಾನೆ. ಇಂದಿನ ಇಂಗ್ಲಿಷ್ ಪ್ರಯೋಗಕೋಶಗಳು ಬಹುಪಾಲು ಅವನ ಹಾದಿಯನ್ನೇ ಹಿಡಿದಿವೆ. ಕೆಂಪು ಗೆರೆ ಎಳೆಯುವ ಉಪಾಧ್ಯಾಯರು ಮಾತ್ರ ಇನ್ನೂ ಮುಗಿದಿಲ್ಲ.

ಕನ್ನಡದಲ್ಲಿ ಇಂಥ ಜಗಳಕ್ಕೆ ಅವಕಾಶ ಕಡಿಮೆ. ನಮ್ಮ ಭಾಷೆಯಲ್ಲಿ ಆ ಕೆಲಸವನ್ನು ಮುಖ್ಯವಾಗಿ ನಡೆಸುವುದು ಒಂದೇ ಒಂದು ಸ್ವರ. ವ್ಯಾಕರಣಕಾರರು ಅವಧಾರಣಾರ್ಥಕವೆಂದು ಕರೆಯುವ ‘ಏ’ ಅದು. ಅಜ್ಜಿಯೇ, ಮಗುವಿಗೇ, ಹಾಲನ್ನೇ, ಕೊಟ್ಟೇಕೊಟ್ಟರು: ಯಾವ ಪದವನ್ನು ಎತ್ತಿ ತೋರಿಸಬೇಕೋ ಅದರ ಬೆನ್ನಿಗೆ ಅಂಟಿಕೊಳ್ಳುವುದರಿಂದ ಅದು ಅಲೆಯುವಂತೆಯೇ ಇಲ್ಲ. ತೆಲುಗಿನಲ್ಲಿಯೂ ಇದೇ ‘ಏ’ ಉಂಟು. ತಮಿಳಿನವರಿಗೆ ‘ದಾನ್’, ಹಿಂದಿಯವರಿಗೆ ‘ಹೀ’, ಮರಾಠಿಯವರಿಗೆ ‘ಚ’. ಎಲ್ಲವೂ ಪದದ ಹಿಂದೆಯೇ ಬರುತ್ತವೆ. ಇಂಗ್ಲಿಷಿನಲ್ಲಿ ಇಂಥದೊಂದು ಅಂಟುಪದವಿಲ್ಲ. ಆದುದರಿಂದ ಭಾರತೀಯರು ಇಂಗ್ಲಿಷ್ ಕಲಿತಾಗ, ಕೈಗೆ ಸಿಕ್ಕಿದ ‘ಓನ್ಲಿ’ಯನ್ನೇ ಹಿಡಿದು ತಂದು ಪದದ ಹಿಂದೆ ನಿಲ್ಲಿಸಿದರು. ‘ಯೆಸ್ಟರ್ಡೇ ಓನ್ಲಿ ಐ ಟೋಲ್ಡ್ ಯೂ’ ಎಂದರೆ ‘ನಿನ್ನೆಯೇ ಹೇಳಿದೆನಲ್ಲ’. ‘ಐ ಆಮ್ ಫ್ರಮ್ ಮೈಸೂರ್ ಓನ್ಲಿ’ ಎಂದರೆ ‘ನಾನೂ ಮೈಸೂರಿನವನೇ’. ಭಾರತದ ಇಂಗ್ಲಿಷನ್ನು ಅಧ್ಯಯನಮಾಡಿದ ಭಾಷಾವಿಜ್ಞಾನಿಗಳು ಇದನ್ನು ಈ ದೇಶದ ಇಂಗ್ಲಿಷಿನ ಒಂದು ಮುಖ್ಯ ಲಕ್ಷಣವೆಂದೇ ದಾಖಲಿಸಿದ್ದಾರೆ.

ಹಾಗಾದರೆ ‘ಒಳಗೇ ಇದ್ದಾರೆ’ ಎಂಬುದು ಆಂಗ್ಲ ಅತಿಥಿಗೆ ಏಕೆ ತಲೆಕೆಳಗಾಗಿ ಕೇಳಿಸಿತು? ಇದಕ್ಕೆ ಉತ್ತರ ಇಂಗ್ಲಿಷ್ ವ್ಯಾಕರಣಗಳಿಗಿಂತ ಸ್ಪಷ್ಟವಾಗಿ ನಮ್ಮ ತರ್ಕಶಾಸ್ತ್ರದಲ್ಲಿ ದೊರೆಯುತ್ತದೆ. ಬಿಷಪ್ ಲೌತ್ ಹುಟ್ಟುವುದಕ್ಕೆ ಸಾವಿರ ವರ್ಷ ಮೊದಲೇ, ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಸಂಸ್ಕೃತದ ‘ಏವ’ ಎಂಬ ಅವ್ಯಯ ವಾಕ್ಯದಲ್ಲಿ ಎಲ್ಲಿ ಕೂತರೆ ಏನನ್ನು ಹೊರಗಿಡುತ್ತದೆಂದು ವಿವೇಚಿಸಿದ್ದ. ಅವನ ಉದಾಹರಣೆಗಳನ್ನು ಮುಂದಿನ ನೈಯಾಯಿಕರೂ ಕೈಬಿಡಲಿಲ್ಲ. ‘ಪಾರ್ಥನೇ ಬಿಲ್ಲುಗಾರ’ ಎಂದಾಗ, ಪಾರ್ಥನ ಸಮಕ್ಕೆ ಬೇರೊಬ್ಬ ಬಿಲ್ಲುಗಾರನಿಲ್ಲ ಎಂದು ಉಳಿದವರೆಲ್ಲರನ್ನೂ ಹೊರಗಿಟ್ಟಂತಾಗುತ್ತದೆ, ಇದು ಅನ್ಯಯೋಗವ್ಯವಚ್ಛೇದ. ‘ಚೈತ್ರ ಬಿಲ್ಲುಗಾರನೇ’ ಎಂದಾಗ ಬೇರೆಯವರ ಮಾತೇ ಇಲ್ಲ. ಚೈತ್ರ ಬಿಲ್ಲುಗಾರ ಹೌದೋ ಅಲ್ಲವೋ ಎಂಬ ಶಂಕೆಯನ್ನು ಮಾತ್ರ ಹೊರಗಿಡಲಾಗಿದೆ, ಇದು ಅಯೋಗವ್ಯವಚ್ಛೇದ. ‘ನೀಲಿ ಕಮಲ ಇದ್ದೇ ಇದೆ’ ಎಂಬ ಮೂರನೆಯ ಬಗೆಯಲ್ಲಿ, ಅಂಥದು ಇರುವುದೇ ಸಾಧ್ಯವಿಲ್ಲವೆಂಬ ಮಾತನ್ನು ಅಲ್ಲಗಳೆಯಲಾಗುತ್ತದೆ. ಈ ಭೇದ ವಿದ್ವಾಂಸರ ಬಾಯಲ್ಲಿ ಎಷ್ಟು ಬಳಕೆಯಲ್ಲಿತ್ತೆಂದರೆ, ಹನ್ನೆರಡನೆಯ ಶತಮಾನದ ಜೈನ ಆಚಾರ್ಯ ಹೇಮಚಂದ್ರನ ಎರಡು ಸ್ತುತಿಗಳು ಅನ್ಯಯೋಗವ್ಯವಚ್ಛೇದ, ಅಯೋಗವ್ಯವಚ್ಛೇದಗಳ ಹೆಸರನ್ನೇ ಹೊತ್ತಿವೆ.

ಕನ್ನಡದ ‘ಏ’ ಈ ಮೂರು ಕೆಲಸಗಳನ್ನೂ ಮಾಡುತ್ತದೆ. ಇಂಗ್ಲಿಷಿನ ‘ಓನ್ಲಿ’ ಬಲ್ಲದ್ದು ಮೊದಲನೆಯದನ್ನು, ಎಂದರೆ ಅನ್ಯರನ್ನು ಹೊರಗಟ್ಟುವ ಕೆಲಸವನ್ನು. ‘ಒಳಗೇ ಇದ್ದಾರೆ’ ಎಂಬಲ್ಲಿ ಹುಡುಗ ಹೊರಗಿಟ್ಟದ್ದು ‘ಒಳಗಿಲ್ಲವೇನೋ’ ಎಂಬ ಅತಿಥಿಯ ಶಂಕೆಯನ್ನು. ಅತಿಥಿ ತಿಳಿದದ್ದು ಮನೆಯ ಹೊರಗಿನ ಪ್ರಪಂಚವನ್ನೇ ಹೊರಗಿಟ್ಟಿದ್ದಾನೆಂದು. ಪಾರ್ಥನ ‘ಏ’ಗೂ ಚೈತ್ರನ ‘ಏ’ಗೂ ಇರುವ ಅಂತರವೇ ಆ ಬಾಗಿಲಲ್ಲಿ ಅಡ್ಡ ನಿಂತದ್ದು. ಇಂಥ ಕಡೆ ಇಂಗ್ಲಿಷರು ‘ರೈಟ್ ಹಿಯರ್’ ಎನ್ನುತ್ತಾರೆ, ‘ಹಿಮ್‌ಸೆಲ್ಫ್’ ಎನ್ನುತ್ತಾರೆ, ‘ದಿ ವೆರಿ ಸೇಮ್’ ಎನ್ನುತ್ತಾರೆ. ಅನೇಕ ವೇಳೆ ಏನನ್ನೂ ಸೇರಿಸದೆ ಧ್ವನಿಯನ್ನಷ್ಟೇ ಏರಿಸುತ್ತಾರೆ. ನಮ್ಮವರ ‘ಓನ್ಲಿ’ ನಮ್ಮವರಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಅದನ್ನು ಅಜ್ಞಾನವೆಂದು ಜರೆಯುವುದು ಸರಿಯಲ್ಲ, ಬೇರೆ ನೆಲದಲ್ಲಿ ನೆಟ್ಟ ಸಸಿ ಬೇರೆ ಬಗೆಯಲ್ಲಿ ಚಿಗುರಿದೆ. ಆದರೆ ಸಂದರ್ಶನಕ್ಕೆ ಹೋದ ತರುಣ ‘ಐ ಕ್ಯಾನ್ ವರ್ಕ್ ಹಿಯರ್ ಓನ್ಲಿ’ ಎಂದರೆ, ಪರದೇಶದ ಅಧಿಕಾರಿ ಅವನನ್ನು ವರ್ಗಾವಣೆಗೆ ಒಪ್ಪದ ಹಟಮಾರಿಯೆಂದು ಬರೆದುಕೊಳ್ಳಬಹುದು. ‘ಇಲ್ಲೇ ಕೆಲಸಮಾಡಲು ನನಗೆ ಸಂತೋಷ’ ಎಂದು ಆ ಬಡಪಾಯಿ ಹೇಳಹೊರಟಿರುತ್ತಾನೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ‘ಮಾತ್ರ’ ಎಂಬ ಪದವೂ ಇಂಥದೇ ಕಾಟ ಕೊಡುತ್ತದೆ. ಅಳತೆ ಎಂಬ ಅರ್ಥದ ಸಂಸ್ಕೃತ ಪದವಿದು. ‘ಓನ್ಲಿ’ಗೆ ಇದೇ ಸರಿಯಾದ ಸಂವಾದಿಯೆಂದು ನಿಘಂಟುಗಳು ಹೇಳುವುದುಂಟು. ಆದರೆ ‘ಏನು ಬೇಕಾದರೂ ಮಾಡು, ಸುಳ್ಳು ಮಾತ್ರ ಹೇಳಬೇಡ’ ಎಂದು ತಾಯಿ ಹೇಳಿದ್ದನ್ನು ಪದಕ್ಕೆ ಪದವಿಟ್ಟು ಇಂಗ್ಲಿಷಿಗೆ ತಿರುಗಿಸಿದರೆ, ‘ಬರೀ ಸುಳ್ಳನ್ನೇ ಹೇಳಬೇಡ, ನಡುನಡುವೆ ನಿಜವೂ ಇರಲಿ’ ಎಂಬ ಉಪದೇಶವಾಗಿಬಿಡುತ್ತದೆ! ಮದುವೆಯಿಂದ ಹಿಂದಿರುಗಿದ ಅತ್ತೆಯವರು ‘ಊಟ ಮಾತ್ರ ಚೆನ್ನಾಗಿತ್ತು’ ಎಂದರೆ, ಅದು ಊಟದ ಹೊಗಳಿಕೆಯೋ ಮಿಕ್ಕ ಏರ್ಪಾಟುಗಳ ತೆಗಳಿಕೆಯೋ ಎಂಬುದು ಬೀಗರ ಕಿವಿಗೆ ಬಿದ್ದಾಗಲೇ ನಿರ್ಣಯವಾಗತಕ್ಕದ್ದು.

‘ಓನ್ಲಿ’ಯ ಇನ್ನುಳಿದ ವೇಷಗಳನ್ನು ಬೇಗನೆ ನೋಡಿ ಮುಗಿಸಬಹುದು. ‘ಓನ್ಲಿ ಟೂ ಗ್ಲ್ಯಾಡ್’ ಎಂಬಲ್ಲಿ ಅದು ಕಡಿಮೆಮಾಡುವುದನ್ನು ಬಿಟ್ಟು ಹೆಚ್ಚುಮಾಡುತ್ತದೆ; ‘ಬಲು ಸಂತೋಷ’ ಎಂದು ಅರ್ಥ. ‘ಓನ್ಲಿ ಜಸ್ಟ್’ ಎಂದರೆ ‘ಈಗ ತಾನೇ’. ‘ಇಫ್ ಓನ್ಲಿ’ ಎಂಬುದು ನಿಟ್ಟುಸಿರು. ‘ಒಂದು ಮಾತು ಮೊದಲೇ ತಿಳಿಸಿದ್ದರೆ!’ ಎಂದು ಕನ್ನಡಿಗರು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಸಾಧಿಸುವುದನ್ನು ಅವರು ಈ ಜೋಡಿಪದದಿಂದ ಸಾಧಿಸುತ್ತಾರೆ. ವಾಕ್ಯದ ಆರಂಭದಲ್ಲಿ ‘ಓನ್ಲಿ ದೆನ್’ ಎಂದು ಬಂದರೆ ಮುಂದಿನ ಕರ್ತೃವೂ ಸಹಾಯಕ್ರಿಯಾಪದವೂ ಪ್ರಶ್ನೆಯಲ್ಲಿ ಬರುವಂತೆ ಜಾಗ ಬದಲಾಯಿಸಿಕೊಳ್ಳುತ್ತವೆ. ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು ಇದೊಂದನ್ನು ಮರೆಯಬಾರದು.

ಮನೆಯ ಮಂದಿಗೆ ‘ಓನ್ಲಿ’ಯೊಡನೆ ಹೆಚ್ಚಾಗಿ ಕೆಲಸ ಬೀಳುವುದು ಬ್ಯಾಂಕಿನಲ್ಲಿ. ಚೆಕ್ಕಿನ ಮೇಲೆ ಹಣವನ್ನು ಅಕ್ಷರದಲ್ಲಿ ಬರೆದು ಕೊನೆಗೆ ‘ಓನ್ಲಿ’ ಎಂದೋ ‘ಮಾತ್ರ’ ಎಂದೋ ಸೇರಿಸುವುದು ರೂಢಿ. ಇದು ವ್ಯಾಕರಣಕ್ಕಾಗಿ ಅಲ್ಲ, ಕಾವಲಿಗಾಗಿ. ‘ಐನೂರು’ ಎಂದು ಬರೆದು ಮುಂದೆ ಜಾಗ ಬಿಟ್ಟರೆ ಕೈಚಳಕವುಳ್ಳವರು ಅಲ್ಲಿ ‘ತೊಂಬತ್ತು’ ಎಂದು ಸೇರಿಸಿಯಾರು. ಅಕ್ಷರಗಳಿಗೆ ಏಕೆ ಇಷ್ಟು ಕಾವಲೆಂದರೆ, ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ವಿಧಿಯಂತೆ, ಅಂಕಿಗೂ ಅಕ್ಷರಕ್ಕೂ ವ್ಯತ್ಯಾಸವಿದ್ದಲ್ಲಿ ಅಕ್ಷರದಲ್ಲಿ ಬರೆದ ಮೊತ್ತವೇ ಸಿಂಧು. ಇನ್ನು ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆಗಳ ನಡುವೆ ಬರೆಯುವ ‘ಅಕೌಂಟ್ ಪೇಯೀ ಓನ್ಲಿ’ಯ ಗತಿ ಇಂಗ್ಲೆಂಡಿನಲ್ಲಿ ಬೇರೆಯಾಗಿದೆ. ಅಲ್ಲಿಯ 1992ರ ಚೆಕ್ಕುಗಳ ಕಾಯಿದೆ ‘ಅಕೌಂಟ್ ಪೇಯೀ’ ಎಂಬ ಮಾತಿಗೆ ‘ಓನ್ಲಿ’ ಇದ್ದರೂ ಇಲ್ಲದಿದ್ದರೂ ಒಂದೇ ಫಲವೆಂದು ವಿಧಿಸಿತು. ಒಂದು ಪದದ ಇರವೂ ಒಂದೇ ಇಲ್ಲದಿರವೂ ಒಂದೇ ಎಂದು ಪಾರ್ಲಿಮೆಂಟೇ ಸಾರಿದ ಅಪೂರ್ವ ಗೌರವ ಇದು!

ಆದರೆ ಔಷಧದ ಚೀಟಿಯಲ್ಲಿ ಹಾಗೆನ್ನುವಂತಿಲ್ಲ. ‘ಟೇಕ್ ಓನ್ಲಿ ವನ್ ಟ್ಯಾಬ್ಲೆಟ್ ವೆನ್ ದೇರ್ ಈಸ್ ಪೇನ್’ ಎಂದರೆ ನೋವಿದ್ದಾಗ ಒಂದಕ್ಕಿಂತ ಹೆಚ್ಚು ಗುಳಿಗೆ ಕೂಡದು. ‘ಟೇಕ್ ವನ್ ಟ್ಯಾಬ್ಲೆಟ್ ಓನ್ಲಿ ವೆನ್ ದೇರ್ ಈಸ್ ಪೇನ್’ ಎಂದರೆ ನೋವಿಲ್ಲದಾಗ ಗುಳಿಗೆಯೇ ಕೂಡದು. ಒಂದು ಎಣಿಕೆಗೆ ಕಟ್ಟುಹಾಕುತ್ತದೆ, ಇನ್ನೊಂದು ಸಂದರ್ಭಕ್ಕೆ. ಮನೆಯಲ್ಲಿ ಇಂಗ್ಲಿಷ್ ಬಲ್ಲ ಮೊಮ್ಮಗಳು ಅಜ್ಜಿಗೆ ಇದನ್ನು ಓದಿ ಹೇಳುವಾಗ ‘ಓನ್ಲಿ’ ಎಲ್ಲಿದೆಯೆಂಬುದನ್ನು ಎರಡು ಸಲ ನೋಡಿದರೆ ನಷ್ಟವಿಲ್ಲ. ಅನುಮಾನ ಬಂದರೆ ವೈದ್ಯರನ್ನೇ ಕೇಳುವುದು ಕ್ಷೇಮ.

ಉಯಿಲಿನಲ್ಲಿ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಅನುಮಾನ ಬಂದಾಗ ಕೇಳೋಣವೆಂದರೆ ಬರೆದವರೇ ಇರುವುದಿಲ್ಲ. ಮನೆಯ ಬಾಡಿಗೆಯನ್ನು ಕುರಿತು ಒಬ್ಬ ಗೃಹಸ್ಥರು ಇಂಗ್ಲಿಷಿನಲ್ಲಿ ‘ಟು ಬಿ ಪೇಯ್ಡ್ ಟು ಮೈ ವೈಫ್ ಓನ್ಲಿ ಡ್ಯೂರಿಂಗ್ ದಿ ಮೈನಾರಿಟಿ ಆಫ್ ಮೈ ಸನ್’ ಎಂದು ಬರೆದಿಟ್ಟರೆನ್ನಿ. ‘ಓನ್ಲಿ’ ತನ್ನ ಹಿಂದಿನ ‘ವೈಫ್’ಗೆ ಸೇರಿದರೆ, ಮಗ ಅಪ್ರಾಪ್ತವಯಸ್ಕನಾಗಿರುವವರೆಗೆ ಬಾಡಿಗೆ ಹೆಂಡತಿಯೊಬ್ಬಳಿಗೇ ಸಲ್ಲಬೇಕು, ಮೈದುನನೋ ಮತ್ತೊಬ್ಬರೋ ಪಾಲು ಕೇಳಕೂಡದು, ಮಗ ದೊಡ್ಡವನಾದಮೇಲೆ ಏನೆಂಬುದನ್ನು ಪತ್ರ ಹೇಳಿಲ್ಲ. ಮುಂದಿನ ‘ಡ್ಯೂರಿಂಗ್’ಗೆ ಸೇರಿದರೆ, ಮಗನಿಗೆ ಹದಿನೆಂಟು ತುಂಬಿದ ದಿನವೇ ಆಕೆಯ ಹಕ್ಕು ಮುಗಿಯಿತು. ಅದೇ ಹದಿಮೂರು ಪದಗಳು, ಅದೇ ಕ್ರಮ. ಒಂದು ಓದಿನಲ್ಲಿ ವಿಧವೆಗೆ ರಕ್ಷೆ, ಇನ್ನೊಂದು ಓದಿನಲ್ಲಿ ಅವಧಿ. ಕನ್ನಡದಲ್ಲಿ ಬರೆಯುವವನು ‘ಹೆಂಡತಿಗೆ ಮಾತ್ರ’ ಎನ್ನಬೇಕೋ ‘ಪ್ರಾಪ್ತವಯಸ್ಕನಾಗುವವರೆಗೆ ಮಾತ್ರ’ ಎನ್ನಬೇಕೋ ಎಂಬುದನ್ನು ಲೇಖನಿ ಓಡುವ ಮೊದಲೇ ನಿರ್ಧರಿಸಬೇಕಾಗುತ್ತದೆ. ಭಾಷೆಯೇ ಅವನನ್ನು ತಡೆದು ನಿಲ್ಲಿಸಿ ಕೇಳುತ್ತದೆ. ಇಂಗ್ಲಿಷ್ ಹಾಗೆ ಕೇಳುವುದಿಲ್ಲ. ಆದ್ದರಿಂದ ಇಂಥ ಪತ್ರವನ್ನು ಇಂಗ್ಲಿಷಿನಲ್ಲೇ ಬರೆಸಬೇಕಾದವರು ಬಾಡಿಗೆ ಯಾರಿಗೆ ಎಂಬುದನ್ನು ಒಂದು ವಾಕ್ಯದಲ್ಲಿಯೂ, ಎಲ್ಲಿಯವರೆಗೆ ಎಂಬುದನ್ನು ಇನ್ನೊಂದು ವಾಕ್ಯದಲ್ಲಿಯೂ, ಆಮೇಲೆ ಯಾರಿಗೆ ಎಂಬುದನ್ನು ಮೂರನೆಯದರಲ್ಲಿಯೂ ಬರೆಸುವುದು ಮೇಲು. ಹಾಗೆ ಬರೆಸಿದ ಪತ್ರದಲ್ಲಿ ‘ಓನ್ಲಿ’ಗೆ ಕೆಲಸವೇ ಇರುವುದಿಲ್ಲ.